ಗುಂಡುಸೂಜಿ ಇನ್ನೂ ಕೆಳಗಿಳಿದಿಲ್ಲ

ಎಲ್ಲಕ್ಕೂ ಕಾರಣ, ಒಂದು ಹಾಳೆ ಮುದುರದಿರಲಿ ಎಂಬ ಆಸೆ.

ಹಾಳೆ ಚಿತ್ರಗಾರನದು. ಅದರ ಮೇಲೆ ನೇತಾಡುತ್ತಿದ್ದವನು ಪತ್ತೇದಾರ ಗುಂಡುಸೂಜಿ. ಸೂಜಿಯಂಥ ಮೈ, ಅದರ ತುದಿಗೊಂದು ಗುಂಡುತಲೆ, ಆ ತಲೆಗೆ ಎಂದೂ ಸರಿಹೋಗದ ಒಂದು ಟೋಪಿ. ವಾರಪತ್ರಿಕೆಯೊಂದರ ಕೊನೆಯ ಪುಟದ ಚಿತ್ರಕಥೆಯಲ್ಲಿ ಎಷ್ಟೋ ವರ್ಷಗಳಿಂದ ಅವನು ತಪ್ಪದೆ ಕಳ್ಳರನ್ನು ಹಿಡಿಯುತ್ತ ಬಂದಿದ್ದ. ಈಚೆಗೆ ಮಾತ್ರ ಒಂದು ಎಡವಟ್ಟಾಯಿತು. ಖಳನಾಯಕನನ್ನು ಅಟ್ಟಿಸಿಕೊಂಡು ಹೋದ ಗುಂಡುಸೂಜಿ ಏಳನೇ ಮಹಡಿಯ ಕಿಟಕಿಯಿಂದ ಜಾರಿ, ಎಡಗೈಯಲ್ಲಿ ಕಿಟಕಿಯ ಅಂಚು ಹಿಡಿದು ನೇತುಬಿದ್ದ. ಕೆಳಗೆ ದಪ್ಪಕ್ಷರದಲ್ಲಿ 'ಮುಂದೇನು?' ಎಂದು ಬರೆದು ಚಿತ್ರಗಾರ ಪುಟವನ್ನು ಕಳಿಸಿಕೊಟ್ಟ. ಮುಂದೇನು ಎಂಬುದು ಅವನಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಹೊಳೆಯುತ್ತದೆ ಬಿಡು ಎಂದುಕೊಂಡಿದ್ದ. ಪ್ರತಿ ಸಲವೂ ಹೊಳೆಯುತ್ತಿತ್ತು.

ಈ ಸಲ ಹೊಳೆಯಲಿಲ್ಲ. ಮುಂದಿನ ವಾರ ಖಳನಾಯಕ ಕಿಟಕಿಯಲ್ಲಿ ನಿಂತು ಪುಟದುದ್ದಕ್ಕೂ ಭಾಷಣ ಮಾಡಿದ. ಅದರ ಮುಂದಿನ ವಾರ ಗುಂಡುಸೂಜಿಯ ಟೋಪಿಯ ಮೇಲೆ ಒಂದು ಪಾರಿವಾಳ ಬಂದು ಕೂತಿತು. ಆಮೇಲಿನ ವಾರ ಗುಂಡುಸೂಜಿಗೆ ತನ್ನ ಬಾಲ್ಯ ನೆನಪಾಯಿತು. ಅದಾದ ಮೇಲೆ ಪಾರಿವಾಳಕ್ಕೂ ತನ್ನ ಬಾಲ್ಯ ನೆನಪಾಯಿತು. ಅಲ್ಲಿಗೆ ಸಂಪಾದಕರ ತಾಳ್ಮೆ ಮುಗಿಯಿತು. ಅವರು ಫೋನ್ ಮಾಡಿ, ಪಾರಿವಾಳದ ತಂದೆತಾಯಿಯ ಕಥೆ ಶುರುಮಾಡುವ ಯೋಚನೆಯಿದ್ದರೆ ಈಗಲೇ ಬಿಟ್ಟುಬಿಡಿ ಎಂದರು. ಈ ವಾರ ಗುಂಡುಸೂಜಿ ಇಳಿಯಬೇಕು, ಇಲ್ಲವೇ ಬೀಳಬೇಕು. ಎರಡೂ ಆಗದಿದ್ದರೆ ಆ ಜಾಗಕ್ಕೆ ಪದಬಂಧ. ಪುಟ ಕೊಡಲು ಕೊನೆಯ ಗಡುವು ಇವತ್ತು ಸಂಜೆ.

ಚಿತ್ರಗಾರನಿಗೆ ಈ ಕೆಲಸ ಬಿಟ್ಟು ಬೇರೆ ಯಾವುದೂ ಬರುತ್ತಿರಲಿಲ್ಲ. ಕೈ ಇನ್ನೂ ಸರಿಯಾಗಿಯೇ ಇತ್ತು. ಕಣ್ಣು ಮುಚ್ಚಿ ಗೆರೆ ಎಳೆದರೂ ಗುಂಡುಸೂಜಿ ಮೂಡುತ್ತಿದ್ದ. ಆದರೆ ತಲೆ ಮಾತ್ರ, ಬಾಡಿಗೆಯವರು ಬಿಟ್ಟುಹೋದ ಮನೆಯ ಹಾಗೆ, ಕೂಗಿದರೆ ಕೂಗಿದ್ದೇ ವಾಪಸು ಬರುವಷ್ಟು ಖಾಲಿಯಾಗಿತ್ತು. ಬೆಳಗ್ಗೆ ಏಳುತ್ತಲೇ ಎದೆಯ ಮೇಲೆ ಯಾರೋ ಕೂತ ಹಾಗಾಗುತ್ತಿತ್ತು. ಎದ್ದು, ಮೇಜಿನ ಮುಂದೆ ಕೂತು, ಪೆನ್ಸಿಲ್ಲು ಕೆತ್ತುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಪೆನ್ಸಿಲ್ಲು ಅರ್ಧವಾಗುತ್ತಿತ್ತು, ಹಾಳೆ ಪೂರ್ತಿ ಬೆಳ್ಳಗಿರುತ್ತಿತ್ತು.

ಬರೆಯಲಾಗದಿದ್ದರೆ ಬರೆಯಲಾಗುತ್ತಿಲ್ಲ ಅಂತಲಾದರೂ ಬರಿ ಮಾರಾಯ ಎಂದು ಹಳೆಯ ಗೆಳೆಯನೊಬ್ಬ ಹೇಳಿದ್ದ. ಆದ್ದರಿಂದ ಚಿತ್ರಗಾರ ಕೆಂಪು ರಟ್ಟಿನ ಒಂದು ಡೈರಿ ಇಟ್ಟುಕೊಂಡಿದ್ದ. ಮೊದಲ ಪುಟಗಳಲ್ಲಿ 'ಇವತ್ತೂ ಏನೂ ಇಲ್ಲ' ಎಂಬ ಒಂದೇ ಸಾಲು, ದಿನಕ್ಕೊಂದು ಥರದ ಅಕ್ಷರದಲ್ಲಿ. 'ನಾನು ಮುಗಿದುಹೋದೆ, ಇದು ಯಾರಿಗೂ ಗೊತ್ತಾಗಬಾರದು' ಎಂದು ಒಂದು ಪುಟದ ನಡುವೆ ಚಿಕ್ಕದಾಗಿ. ಹಾಗೆ ಬರೆದೂ ಬೇಸರವಾದಾಗ ಅವನು ಕಿಟಕಿಯಿಂದ ಆಚೆ ನೋಡಿ, ಕಣ್ಣಿಗೆ ಬಿದ್ದ ಅಕ್ಕಪಕ್ಕದವರ ಬಗ್ಗೆ ನಾಲ್ಕು ಸಾಲು ಗೀಚಿ, ಪಕ್ಕದಲ್ಲೊಂದು ಚಿತ್ರ ಬರೆಯುತ್ತಿದ್ದ. ವಿಚಿತ್ರವೆಂದರೆ ಅಲ್ಲಿ ಮಾತ್ರ ಪೆನ್ನು ನಿಲ್ಲುತ್ತಲೇ ಇರಲಿಲ್ಲ. ಕೆಳಗಿನ ಮನೆಯಲ್ಲಿರುವ, ಕಟ್ಟಡದ ಸಂಘದ ಕಾರ್ಯದರ್ಶಿ ಮೊದಲು ನೋಟೀಸು ಹಾಕದೆ ಸೀನುವುದೂ ಇಲ್ಲ ಎಂದು ಬರೆದು, ಅವರನ್ನೇ ನೋಟೀಸು ಬೋರ್ಡಿಗೆ ಕಿವಿ ಹಿಡಿದು ಪಿನ್ನು ಹೊಡೆದಿದ್ದ. ಮೊದಲ ಮಹಡಿಯ ಹಲ್ಲಿನ ಡಾಕ್ಟರು ಬಾಯಿ ತೆರೆದವರ ಮುಂದೆ ಮಾತ್ರ ಮಾತಾಡುತ್ತಾರೆ, ಯಾಕೆಂದರೆ ಅವರಿಗೆ ತಿರುಗಿ ಮಾತಾಡಲು ಆಗುವುದಿಲ್ಲ ಎಂದು ಬರೆದಿದ್ದ. ಮೇಲಿನ ಮನೆಯ ಹಾಡಿನ ಟೀಚರು ಎಣ್ಣೆ ಕಾಣದ ಬಾಗಿಲಾಗಿದ್ದರು. ಸಂಪಾದಕರು ತಮ್ಮ ನಗುವನ್ನೆಲ್ಲ ವಿಶೇಷಾಂಕಕ್ಕೆಂದು ಎತ್ತಿಟ್ಟವರಾಗಿದ್ದರು.

ಗಡುವಿನ ದಿನ ಬೆಳಗ್ಗೆ ಚಿತ್ರಗಾರನಿಗೆ ಹೊಳೆದದ್ದು ಕಥೆಯಲ್ಲ, ಕಳ್ಳದಾರಿ. ಹಳೆಯ ಪುಟವನ್ನೇ ಜೆರಾಕ್ಸಿನಲ್ಲಿ ಕನ್ನಡಿಯ ಥರ ಉಲ್ಟಾ ತೆಗೆಸಿ, ಚಿತ್ರಗಳನ್ನು ಕತ್ತರಿಸಿ, ಹಿಂದುಮುಂದು ಅಂಟಿಸಿದರೆ ಎಡಗೈಯಲ್ಲಿ ನೇತಾಡುತ್ತಿದ್ದ ಗುಂಡುಸೂಜಿ ಬಲಗೈಗೆ ಬರುತ್ತಾನೆ. ಇಳಿಯದಿದ್ದರೂ ಕೈ ಬದಲಾಯಿಸಿದನಲ್ಲ, ಒಂದು ವಾರ ದಬ್ಬಿದ ಹಾಗಾಯಿತು. ಹಾಳೆ ಮುದುರದಿರಲೆಂದು ಅದನ್ನು ಡೈರಿಯೊಳಗೆ ಇಟ್ಟುಕೊಂಡು ಬೀದಿಯ ಕೊನೆಯ ಜೆರಾಕ್ಸ್ ಅಂಗಡಿಗೆ ಹೋದ. ಅಂಗಡಿಯಲ್ಲಿ ಆಗಲೇ ಜನ ಮುತ್ತಿಕೊಂಡಿದ್ದರು. ಹೇಗೋ ಪ್ರತಿ ತೆಗೆಸಿಕೊಂಡು ಮನೆಗೆ ಬಂದ. ಹೆಂಡತಿ ಆಗಲೇ ತನ್ನ ವಿಮಾ ಕಚೇರಿಗೆ ಹೊರಟುಹೋಗಿದ್ದಳು. ಮುಚ್ಚಿಟ್ಟ ಚಹಾ ಕುಡಿದು, ಕತ್ತರಿಸುವುದು, ಅಂಟಿಸುವುದು ಮುಗಿಸಿ, ಈ ಪಾಪವನ್ನೂ ಬರೆದಿಡೋಣವೆಂದು ಡೈರಿಗೆ ಕೈ ಚಾಚಿದ. ಕೈಗೆ ಮೇಜು ಸಿಕ್ಕಿತು.

ಓಡುತ್ತ ಹೋದವನಿಗೆ ಅಂಗಡಿಯವನು ತಲೆ ಎತ್ತದೆಯೇ ಉತ್ತರ ಕೊಟ್ಟ. ಕೆಂಪು ಡೈರಿ ಇತ್ತು, ಈಗ ಇಲ್ಲ. ಕಾಪಿ ತೆಗೆಸೋಕೆ ಬಂದವರೊಬ್ಬರು ಅದನ್ನು ನೋಡಿ, ಗೊತ್ತಿರೋರದೇ, ನಾನೇ ಕೊಡ್ತೀನಿ ಅಂತ ತೆಗೆದುಕೊಂಡು ಹೋದರು. ನಿಮ್ಮ ಬಿಲ್ಡಿಂಗಿನ ಹೆಸರು ಹೇಳಿದರು, ಅದಕ್ಕೇ ಕೊಟ್ಟೆ.

ಗಂಡಸೋ ಹೆಂಗಸೋ ಎಂದು ಚಿತ್ರಗಾರ ಕೇಳಿದ.

"ನಾನು ಕಾಗದ ನೋಡ್ತೀನಿ ಸಾರ್, ಮುಖ ನೋಡಲ್ಲ," ಎಂದ ಅಂಗಡಿಯವನು. "ಮುಖ ನೋಡ್ತಾ ಕೂತ್ರೆ ಮಷಿನ್ ಬಿಸಿಯಾಗುತ್ತೆ."

ಚಿತ್ರಗಾರ ಅಲ್ಲೇ ನಿಂತು ಬೆರಳು ಮಡಿಚಿ ಲೆಕ್ಕ ಹಾಕಿದ. ಅವನ ಕಟ್ಟಡದಲ್ಲಿ ದಿನ ಬೆಳಗಾದರೆ ಜೆರಾಕ್ಸ್ ಅಂಗಡಿಗೆ ಹೋಗುವವರು ಮೂವರೇ. ನೋಟೀಸಿನ ಪ್ರತಿಗೆ ಕಾರ್ಯದರ್ಶಿ, ರೋಗಿಗಳ ಚೀಟಿಗೆ ಡಾಕ್ಟರು, ಹಾಡಿನ ಹಾಳೆಗೆ ಟೀಚರು. ಮೂವರೂ ಡೈರಿಯೊಳಗಿದ್ದರು. ಯಾರ ಕೈಗೆ ಸಿಕ್ಕಿದ್ದರೂ ತನ್ನ ಕಥೆ ಮುಗಿಯಿತು. ಮೂವರಲ್ಲಿ ಯಾರೆಂದು ನಾಜೂಕಾಗಿ ತಿಳಿದುಕೊಂಡು, ಅವರು ಬಾಯಿ ಬಿಡುವ ಮೊದಲೇ ಕಾಲು ಹಿಡಿದುಬಿಡುವುದು ಎಂದು ತೀರ್ಮಾನಿಸಿದ.

ಕಾರ್ಯದರ್ಶಿ ನಿವೃತ್ತ ಅಧಿಕಾರಿ. ಬಾಗಿಲು ತೆರೆದವರು ಒಳಗೆ ಕರೆಯಲಿಲ್ಲ. ಹೊಸಿಲಲ್ಲೇ ಎರಡೂ ಕೈ ಹಿಂದಕ್ಕೆ ಕಟ್ಟಿ ನಿಂತರು.

"ನಿಮ್ಮನ್ನೇ ಕರೆಸಬೇಕು ಅಂತಿದ್ದೆ," ಎಂದರು. "ಓದಿದೆ. ಪೂರ್ತಿ ಓದಿದೆ. ಒಬ್ಬ ಮನುಷ್ಯನ್ನ ಹೀಗೆ ನೇತುಹಾಕೋದಾ? ಅವನಿಗೆ ಒಂದು ಮರ್ಯಾದೆ ಅಂತ ಇರೋದಿಲ್ವಾ?"

ಚಿತ್ರಗಾರನ ನಾಜೂಕು ಅಲ್ಲೇ ಕಳಚಿಬಿತ್ತು. ಅವನು ಕೈಮುಗಿದು, ತಪ್ಪಾಯಿತು, ನಿಮ್ಮನ್ನು ನೋಟೀಸು ಬೋರ್ಡಿಗೆ ಪಿನ್ನು ಹೊಡೆದು ನೇತುಹಾಕಬಾರದಿತ್ತು, ಅದರಲ್ಲೂ ಕಿವಿಗೆ ಹೊಡೆಯಲೇಬಾರದಿತ್ತು ಎಂದ. ಸೀನುವ ವಿಷಯ ಬರೀ ತಮಾಷೆಗೆ ಬರೆದದ್ದು ಎಂದ. ನಿಮ್ಮೊಬ್ಬರನ್ನೇ ಅಲ್ಲ, ಡಾಕ್ಟರನ್ನೂ ಟೀಚರನ್ನೂ ಕೊನೆಗೆ ನನಗೆ ಸಂಬಳ ಕೊಡುವ ಸಂಪಾದಕರನ್ನೂ ಬಿಟ್ಟಿಲ್ಲ ಎಂದು, ಸಮಾಧಾನವಾಗಲಿ ಎಂಬಂತೆ, ಒಬ್ಬೊಬ್ಬರ ಬಗ್ಗೆ ಏನೇನು ಬರೆದಿದ್ದೇನೆಂಬುದನ್ನೂ ಹೇಳಿದ.

ಕಾರ್ಯದರ್ಶಿ ಹಿಂದೆ ಕಟ್ಟಿದ್ದ ಕೈ ಬಿಟ್ಟರು. ಆಮೇಲೆ ನಿಧಾನವಾಗಿ, "ನಾನು ಹೇಳಿದ್ದು ಗುಂಡುಸೂಜಿ ವಿಷಯ," ಎಂದರು. "ಪತ್ರಿಕೆ ತರಿಸ್ತೀನಲ್ಲ. ಅವನು ಇನ್ನೂ ಇಳೀಲಿಲ್ಲ ಅಂತ ಹೇಳ್ದೆ."

ಮೆಟ್ಟಿಲ ಮೇಲೆ ಒಂದು ಬೆಕ್ಕು ಮೈ ನೆಕ್ಕಿಕೊಳ್ಳುತ್ತಿತ್ತು. ಆ ಕ್ಷಣದಲ್ಲಿ ಅದರ ಜಾಗಕ್ಕೆ ಹೋಗಲು ಚಿತ್ರಗಾರ ತನ್ನ ಎರಡೂ ಕೈಯನ್ನು ಕೊಡಲು ಸಿದ್ಧನಿದ್ದ.

ಕಾರ್ಯದರ್ಶಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ಅಧಿಕಾರಿಯ ದನಿಯಲ್ಲಿ, ಕಳೆದುಹೋದ ವಸ್ತುವಿಗೆ ಒಂದು ಕ್ರಮ ಇದೆ, ಆ ಕ್ರಮ ನಾನು ನೋಡಿಕೊಳ್ಳುತ್ತೇನೆ, ನೀವು ಹೋಗಿ ಎಂದು ಬಾಗಿಲು ಹಾಕಿಕೊಂಡರು. ಒಳಗಿನಿಂದ ಟೈಪುರೈಟರಿನ ಸದ್ದು ಶುರುವಾಯಿತು.

ಆ ಸದ್ದು ನೋಟೀಸಾಗಿ ಹೊರಬರುವ ಮೊದಲೇ ಡಾಕ್ಟರನ್ನು ಹಿಡಿಯಬೇಕೆಂದು ಚಿತ್ರಗಾರ ಒಂದೊಂದು ಸಲಕ್ಕೆ ಎರಡೆರಡು ಮೆಟ್ಟಿಲು ಹತ್ತಿದ. ಕ್ಲಿನಿಕ್ಕಿನ ಬಾಗಿಲಲ್ಲಿ ಕೂತಿದ್ದ ನರ್ಸು ಅವನ ಮುಖ ನೋಡಿದಳು. ಆ ಮುಖ ಹಲ್ಲುನೋವಿನದೇ ಎಂದು ಅವಳಿಗೆ ಅನುಮಾನವೇ ಉಳಿಯಲಿಲ್ಲ. ಡಾಕ್ಟರ ಹತ್ತಿರ ಒಂದೇ ಒಂದು ಮಾತು ಎಂದು ಅವನು ಹೇಳುತ್ತಿದ್ದಂತೆಯೇ ಒಳಗೆ ಕರೆದೊಯ್ದು ಕುರ್ಚಿಯಲ್ಲಿ ಮಲಗಿಸಿ, ಕುತ್ತಿಗೆಗೆ ಬಟ್ಟೆ ಕಟ್ಟಿದಳು. ಡಾಕ್ಟರು ಬಂದರು. ಬಾಯಿ ತೆರೆಯಿರಿ ಎಂದರು. ಮಾತಾಡಲೆಂದೇ ಅವನು ಬಾಯಿ ತೆರೆದ. ಅದರೊಳಗೆ ತಣ್ಣಗಿನ ಎರಡು ಉಪಕರಣಗಳು ಇಳಿದವು.

"ಮೇಲಿಂದ ನೋಡಿದ್ರೆ ಏನೂ ಗೊತ್ತಾಗಲ್ಲ," ಎಂದು ಡಾಕ್ಟರು ಶುರುಮಾಡಿದರು. "ಒಳಗೆ ನೋಡಿದ್ರೆ ಪೂರ್ತಿ ಕೊಳೆತುಹೋಗಿದೆ. ಇಷ್ಟು ಕಪ್ಪು ನಾನು ಎಲ್ಲೂ ನೋಡಿಲ್ಲ. ಎಷ್ಟು ವರ್ಷದಿಂದ ಇದನ್ನ ಒಳಗೇ ಇಟ್ಕೊಂಡಿದ್ರಿ?"

ಚಿತ್ರಗಾರನ ಕಣ್ಣು ತುಂಬಿ ಬಂತು. ಓದಿದ್ದಾರೆ. ಇವರೇ. ಅವನ ಬಾಯಿಂದ ಒಂದು ಆರ್ತಸ್ವರ ಮಾತ್ರ ಹೊರಟಿತು. ಡಾಕ್ಟರು, ಇನ್ನು ಬಿಟ್ಟರೆ ಅಕ್ಕಪಕ್ಕದ್ದಕ್ಕೂ ಹರಡುತ್ತದೆ, ಬೇರುಸಹಿತ ಕಿತ್ತುಹಾಕಬೇಕು ಎಂದು ಹೇಳುತ್ತ ಸೂಜಿ ಚುಚ್ಚಿದರು. ಉಪಕರಣ ಬದಲಾಯಿಸಲು ಅವರು ಆಚೆ ತಿರುಗಿದ್ದೇ ತಡ, ಅವನು ಅಷ್ಟನ್ನೂ ಒಂದೇ ಉಸಿರಿಗೆ ಕಕ್ಕಿದ. ಬಾಯಿ ತೆರೆದವರ ಮುಂದೆ ಮಾತ್ರ ಮಾತಾಡುತ್ತೀರಿ ಎಂದು ಬರೆದದ್ದು ನನ್ನ ಕೊಳಕು ಬುದ್ಧಿ ಎಂದ. ಮನೆಯಲ್ಲಿ ನಿಮ್ಮ ಮಾತು ನಡೆಯದ್ದಕ್ಕೇ ಇಲ್ಲಿ ಇಷ್ಟು ಮಾತಾಡುತ್ತೀರಿ ಎಂದು ಬರೆದದ್ದನ್ನು ಮೊದಲು ಹರಿದುಹಾಕುತ್ತೇನೆ, ಡೈರಿ ಕೊಟ್ಟುಬಿಡಿ ಎಂದ.

ಡಾಕ್ಟರು ಕೈಯಲ್ಲಿ ಇಕ್ಕಳ ಹಿಡಿದು ಹಾಗೇ ನಿಂತರು. ನರ್ಸು ಗೋಡೆಯ ಕಡೆ ತಿರುಗಿ ನಿಂತಳು. ಅವಳ ಭುಜ ಕುಲುಕುತ್ತಿತ್ತು.

"ಯಾವ ಡೈರಿ?" ಎಂದು ಡಾಕ್ಟರು ಕೇಳಿದರು. ಉತ್ತರಕ್ಕೆ ಕಾಯಲಿಲ್ಲ. "ಇರಲಿ. ಇನ್ನೊಂದು ಸಲ ಬಾಯಿ ತೆಗೀರಿ."

ಹಲ್ಲು ಬರುವವರೆಗೆ ಅವರು ಒಂದು ಮಾತೂ ಆಡಲಿಲ್ಲ. ಆ ಕುರ್ಚಿಯ ಇತಿಹಾಸದಲ್ಲಿ ಅದೇ ಮೊದಲು.

ಅರ್ಧ ಮುಖ ಮರಗಟ್ಟಿಸಿಕೊಂಡು, ದವಡೆಯಲ್ಲಿ ಹತ್ತಿ ಕಚ್ಚಿಕೊಂಡು ಚಿತ್ರಗಾರ ಹೊರಬಂದಾಗ ಮೆಟ್ಟಿಲ ತಿರುವಿನಲ್ಲಿ ಜನ ಗುಂಪುಗೂಡಿತ್ತು. ನೋಟೀಸು ಬಂದಾಗಿತ್ತು. ನಮ್ಮ ಕಟ್ಟಡದ ಚಿತ್ರಗಾರರು ನಿವಾಸಿಗಳನ್ನು ಕುರಿತು ಬರೆದ ಕೆಂಪು ಡೈರಿ ಕಳೆದಿದೆ ಎಂದು ಅದರಲ್ಲಿತ್ತು. ಸಿಕ್ಕವರು ಅದನ್ನು ಓದದೆ ಕಾರ್ಯದರ್ಶಿಗೆ ತಲುಪಿಸಬೇಕು. ಓದಲೇಬೇಕಾಗಿ ಬಂದರೆ ತಮ್ಮ ತಮ್ಮ ಭಾಗವನ್ನು ಮಾತ್ರ ಓದತಕ್ಕದ್ದು. ಕೆಳಗೆ, ತಮ್ಮ ಬಗ್ಗೆ ಬರೆದದ್ದನ್ನು ಬಿಟ್ಟು ಉಳಿದವರ ಬಗ್ಗೆ ಚಿತ್ರಗಾರ ಒಪ್ಪಿಕೊಂಡದ್ದನ್ನೆಲ್ಲ ಕಾರ್ಯದರ್ಶಿ ಉದಾಹರಣೆಗಾಗಿ ಟೈಪು ಮಾಡಿದ್ದರು.

ಹಾಡಿನ ಟೀಚರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಅದನ್ನು ಓದುತ್ತಿದ್ದರು. ಓದಿ ಮುಗಿಸಿ ಇವನ ಕಡೆ ತಿರುಗಿದರು. ಅವರು ಒಳ್ಳೆಯ ಹೆಂಗಸು. ಇವನಿಗೆ ಜ್ವರ ಬಂದಿದ್ದಾಗ ಒಂದು ವಾರ ಹಾಡಿನ ಪಾಠವನ್ನೇ ನಿಲ್ಲಿಸಿದ್ದರು. ಅದನ್ನು ನೆನೆದು ಅವನಿಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಎನಿಸಿತು.

"ಎಣ್ಣೆ ಹಾಕದ ಬಾಗಿಲು ಅಂದ್ರೆ ನಾನೇನಾ?" ಎಂದು ಅವರು ತಗ್ಗಿದ ದನಿಯಲ್ಲಿ ಕೇಳಿದರು.

ಈ ಒಬ್ಬರನ್ನಾದರೂ ಉಳಿಸಿಕೊಳ್ಳಬೇಕೆಂದು ಚಿತ್ರಗಾರ, ನಿಮ್ಮ ದನಿ ಚೆನ್ನಾಗಿದೆ ಎಂದೇ ಬರೆದಿದ್ದೇನೆ ಎಂದು ಹೇಳಹೊರಟ. ಮರಗಟ್ಟಿದ ತುಟಿ, ಬಾಯಿ ತುಂಬ ಹತ್ತಿ. ಮೆಟ್ಟಿಲ ಮೇಲೆ ನಿಂತಿದ್ದ ಅಷ್ಟೂ ಜನಕ್ಕೆ ಕೇಳಿಸಿದ್ದು 'ದನ ಚೆನ್ನಾಗಿದೆ' ಎಂದು. ಅವನು ತಿದ್ದಲು ಹೋಗಿ ಮತ್ತೆ ಹೇಳಿದ. ಮತ್ತೆ ದನವೇ ಬಂತು. ಟೀಚರು ಕನ್ನಡಕ ಮೇಲೇರಿಸಿಕೊಂಡು ಮೆಟ್ಟಿಲು ಹತ್ತಿ ಹೋದರು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಬಾಗಿಲು ಹಾಕಿದ ಸದ್ದು ಕೇಳಿಸಿತು. ಅವರ ಮನೆಯ ಬಾಗಿಲಿಗೆ ಎಣ್ಣೆ ಸರಿಯಾಗಿಯೇ ಇತ್ತು.

ಡೈರಿ ಮೂವರಲ್ಲಿ ಯಾರ ಹತ್ತಿರವೂ ಇರಲಿಲ್ಲ. ಆದರೆ ಅದರಲ್ಲಿದ್ದದ್ದು ಈಗ ಎಲ್ಲರ ಹತ್ತಿರವೂ ಇತ್ತು. ಅಷ್ಟನ್ನೂ ಮನೆಮನೆಗೆ ಹೋಗಿ ಹಂಚಿದವನು ತಾನೇ ಎಂಬುದು ಹೊಳೆದಾಗ ಅವನು ಮೆಟ್ಟಿಲ ಮೇಲೆಯೇ ಕೂತುಬಿಟ್ಟ. ಇಷ್ಟು ವಾರ ಏನೂ ಹೊಳೆಯದ ತಲೆಗೆ ಹೊಳೆದದ್ದು ಅದೊಂದೇ.

ಆದರೂ ಪುಟ ಕೊಡಲೇಬೇಕಿತ್ತು. ಅಂಟಿಸಿದ ಹಾಳೆಯನ್ನು ಸುತ್ತಿ ಹಿಡಿದುಕೊಂಡು ಚಿತ್ರಗಾರ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಮರಗಟ್ಟಿದ್ದು ಸ್ವಲ್ಪ ಸ್ವಲ್ಪವೇ ಇಳಿದು ನೋವು ಸ್ವಲ್ಪ ಸ್ವಲ್ಪವೇ ಏರಿತು. ಪತ್ರಿಕೆಯ ಕಚೇರಿಯಲ್ಲಿ ಸಂಪಾದಕರು ಹಾಳೆ ಬಿಚ್ಚಿ, ಹತ್ತಿರ ಹಿಡಿದರು, ದೂರ ಹಿಡಿದರು, ಕೊನೆಗೆ ಎದ್ದು ಕೈತೊಳೆಯುವ ಜಾಗದ ಕನ್ನಡಿಯ ಮುಂದೆ ಹಿಡಿದರು.

"ಈಗ ಓದೋಕಾಗ್ತಿದೆ," ಎಂದರು.

ಚಿತ್ರಗಾರ ಅವರ ಭುಜದ ಮೇಲಿಂದ ಇಣುಕಿ ನೋಡಿದ. ಚಿತ್ರದ ಜೊತೆ ಮಾತಿನ ಗುಳ್ಳೆಗಳೂ ಉಲ್ಟಾ ಆಗಿದ್ದವು. ಮಾತನ್ನು ಹೊಸದಾಗಿ ಬರೆದು ಅಂಟಿಸಬೇಕೆಂದುಕೊಂಡವನು ಡೈರಿಯ ಗಲಾಟೆಯಲ್ಲಿ ಮರೆತೇಬಿಟ್ಟಿದ್ದ. ಗುಂಡುಸೂಜಿ ಬಲಗೈಯಲ್ಲಿ ನೇತಾಡುತ್ತ, ಕನ್ನಡಿಯಲ್ಲಿ ಮಾತ್ರ ಅರ್ಥವಾಗುವ ಭಾಷೆಯಲ್ಲಿ, ಹಳೆಯ ಮಾತನ್ನೇ ಆಡುತ್ತಿದ್ದ. ಪಾರಿವಾಳ ಕೂಡ ತಲೆ ತಗ್ಗಿಸಿದ ಹಾಗೆ ಕಂಡಿತು.

ಇನ್ನು ನಟಿಸುವ ಶಕ್ತಿ ಅವನಲ್ಲಿರಲಿಲ್ಲ. ಕುರ್ಚಿಯಲ್ಲಿ ಕುಸಿದು, ಊದಿದ ಬಾಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಹೇಳಿದ. ನನ್ನ ಹತ್ತಿರ ಕಥೆಯಿಲ್ಲ. ಅವನನ್ನು ಹೇಗೆ ಇಳಿಸಬೇಕೋ ಗೊತ್ತಿಲ್ಲ. ಬೀಳಿಸೋಣವೆಂದರೆ ಕೈ ಬರುವುದಿಲ್ಲ, ಇಷ್ಟು ವರ್ಷ ಅನ್ನ ಹಾಕಿದವನು. ದಿನಾ ಬೆಳಗ್ಗೆ ಕೂರುತ್ತೇನೆ, ದಿನಾ ಸಂಜೆ ಏಳುತ್ತೇನೆ. ನಡುವೆ ಏನೂ ಆಗುವುದಿಲ್ಲ. ಪದಬಂಧವನ್ನೇ ಹಾಕಿಬಿಡಿ.

ಸಂಪಾದಕರು ಮೇಜಿನ ಮೇಲಿದ್ದ ಪೇಪರ್‌ವೆಯ್ಟನ್ನು ತಿರುಗಿಸುತ್ತ ಕೇಳಿಸಿಕೊಂಡರು. ಆಮೇಲೆ, ನಿಮ್ಮ ಕಟ್ಟಡದ ಕಾರ್ಯದರ್ಶಿ ಫೋನ್ ಮಾಡಿದ್ದರು ಎಂದರು. ಕೆಂಪು ಡೈರಿಯೇನಾದರೂ ಪತ್ರಿಕೆಯವರ ಕೈಗೆ ಬಂದಿದೆಯೇ ಎಂದು ವಿಚಾರಿಸಿದರಂತೆ. ಬಂದರೆ ಮುದ್ರಿಸಕೂಡದೆಂದು ತಾಕೀತು ಮಾಡಿ, ಯಾಕೆ ಮುದ್ರಿಸಕೂಡದು ಎಂಬುದನ್ನು ವಿವರವಾಗಿ ಓದಿ ಹೇಳಿದರಂತೆ.

"ನಗುವನ್ನೆಲ್ಲ ವಿಶೇಷಾಂಕಕ್ಕೆ ಎತ್ತಿಟ್ಟವನು. ನಾನೇ ಅಲ್ವಾ ಅದು?"

ಚಿತ್ರಗಾರ ತಲೆ ಬಗ್ಗಿಸಿದ. ಬಿಗಿದುಕೊಂಡ ಡ್ರಾಯರನ್ನು ಯಾರೋ ಎಳೆದ ಹಾಗೆ ಒಂದು ಸದ್ದು ಬಂತು. ತಲೆ ಎತ್ತಿ ನೋಡಿದರೆ, ಸಂಪಾದಕರು ನಗುತ್ತಿದ್ದರು. ಅಭ್ಯಾಸವಿಲ್ಲದ ಕಾರಣ ಮುಖಕ್ಕೆ ನೋವಾಗುತ್ತಿದ್ದಂತಿತ್ತು.

"ಇದನ್ನ ಇಟ್ಕೊಂಡು ನನಗೆ ಪಾರಿವಾಳ ಕೊಟ್ರಲ್ರೀ," ಎಂದರು. "ನಾಳೆ ಬೆಳಗ್ಗೆ ಪ್ರೆಸ್ಸಿಗೆ ಹೋಗೋದರೊಳಗೆ ಆ ಡೈರಿ ನನ್ನ ಮೇಜಿನ ಮೇಲಿರಲಿ. ವಾರಕ್ಕೊಂದು ಪುಟ, ಚಿತ್ರದ ಸಮೇತ ಹಾಕೋಣ. ಯಾರ ಹೆಸರೂ ಬೇಡ. ಗುಂಡುಸೂಜಿ ಬೇಕಾದ್ರೆ ಅಲ್ಲೇ ಇರಲಿ. ಡೈರಿ ಬರಲಿಲ್ಲ ಅಂದ್ರೆ ಪದಬಂಧವೇ ಖಾಯಂ."

ಬೆಳಗ್ಗೆಯಿಂದ ಯಾವ ಡೈರಿ ಯಾರ ಕಣ್ಣಿಗೂ ಬೀಳಬಾರದೆಂದು ಅವನು ಓಡಾಡಿದ್ದನೋ ಅದು ಈಗ ಊರವರ ಕಣ್ಣಿಗೆಲ್ಲ ಬೀಳದಿದ್ದರೆ ಅವನಿಗೆ ಉಳಿಗಾಲವಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ, ಎಷ್ಟೋ ವಾರಗಳ ನಂತರ, ಅವನ ಎದೆಯ ಮೇಲೆ ಕೂತಿದ್ದವರು ಎದ್ದು ಸ್ವಲ್ಪ ಆಚೆ ಸರಿದ ಹಾಗಾಯಿತು. ಕಟ್ಟಡದವರು ಸಿಟ್ಟಾಗಿದ್ದಾರೆ, ನಿಜ. ಆದರೆ ಅವರಿಗೆ ಗೊತ್ತಾಗಬೇಕಾದ್ದೆಲ್ಲ ಆಗಲೇ ಗೊತ್ತಾಗಿಹೋಗಿದೆ. ಇನ್ನು ಹೊಸದಾಗಿ ಹೋಗಲು ಮಾನವೂ ಉಳಿದಿಲ್ಲ. ಹೀಗೆ ಯೋಚಿಸಿದಾಗ ಅವನಿಗೆ ಒಂದು ಬಗೆಯ ನೆಮ್ಮದಿಯೇ ಆಯಿತು.

ಗೇಟಿನಲ್ಲಿ ಕಾರ್ಯದರ್ಶಿಯೂ ಡಾಕ್ಟರೂ ನಿಂತು ಗುಸುಗುಸು ಮಾತಾಡುತ್ತಿದ್ದರು. ಎಷ್ಟೋ ವರ್ಷ ನೀರಿನ ಟ್ಯಾಂಕಿನ ವಿಷಯಕ್ಕೆ ಮಾತು ಬಿಟ್ಟಿದ್ದವರು ಇವತ್ತು ಒಂದಾಗಿದ್ದರು. ಡೈರಿ ಸಿಕ್ಕಿತೇ ಎಂದು ಇವನು ಕೇಳಿದ. ಇನ್ನೂ ಇಲ್ಲ, ಸಿಕ್ಕರೆ ನಿಮಗೆ ಬೂದಿ ತಲುಪಿಸುತ್ತೇವೆ ಎಂದು ಡಾಕ್ಟರು ಹೇಳಿದರು. ಬಾಯಿ ಮುಚ್ಚಿಕೊಂಡವನ ಮುಂದೆಯೂ ಅವರು ಮಾತಾಡಬಲ್ಲರೆಂದು ಆಗ ಗೊತ್ತಾಯಿತು.

ಮನೆಯ ಬಾಗಿಲು ತೆರೆದೇ ಇತ್ತು. ಹೆಂಡತಿ ಕಚೇರಿಯಿಂದ ಬೇಗ ಬಂದಿದ್ದಳು. ಅವನು ಚಿತ್ರ ಬರೆಯುವ ಮೇಜಿನ ಮುಂದೆ ಅವಳು ಕೂತಿದ್ದಳು. ಅವಳ ಮುಂದೆ ಕೆಂಪು ಡೈರಿ ಇತ್ತು.

ಬೆಳಗ್ಗೆ ಕಚೇರಿಯ ಯಾವುದೋ ಕಾಗದದ ಪ್ರತಿ ತೆಗೆಸಲು ಆ ಅಂಗಡಿಗೆ ಹೋಗಿದ್ದೆ ಎಂದಳು. ಮಷಿನ್ನಿನ ಪಕ್ಕದಲ್ಲಿ ಇದು ಬಿದ್ದಿತ್ತು. ವಾಪಸು ಬಂದು ಕೊಟ್ಟುಹೋಗಲು ಹೊತ್ತಾಗಿತ್ತು, ಚೀಲಕ್ಕೆ ಹಾಕಿಕೊಂಡೆ.

ಚಿತ್ರಗಾರನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದವಡೆಯ ನೋವನ್ನೂ ಮರೆತು ಅವನು ಬಡಬಡನೆ ಎಲ್ಲ ಹೇಳಿದ. ಸಂಪಾದಕರು ನಕ್ಕದ್ದು, ವಾರಕ್ಕೊಂದು ಪುಟ, ಪದಬಂಧ ತಪ್ಪಿದ್ದು. ಹೇಳುತ್ತ ಡೈರಿಗೆ ಕೈ ಚಾಚಿದ. ಅವಳು ಅದರ ಮೇಲೆ ತನ್ನ ಅಂಗೈ ಇಟ್ಟಳು.

"ಓದಿದೆ," ಎಂದಳು. "ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಮೊದಲಿಂದ ಕೊನೇವರೆಗೂ ಓದಿದೆ."

ಅವನಿಗೆ ಒಂದು ಕ್ಷಣ ಭಯವಾಯಿತು. ಮರುಕ್ಷಣವೇ ಮನಸ್ಸು ಹಗುರಾಯಿತು. ಇಡೀ ದಿನ ಅವನು ಯಾರ್‍ಯಾರ ಮುಂದೆಯೋ ಕೈಮುಗಿದು ನಿಂತಿದ್ದ. ಇಲ್ಲೊಬ್ಬಳ ಮುಂದೆ ಮಾತ್ರ ಅವನು ತಲೆ ಎತ್ತಿ ನಿಲ್ಲಬಹುದಿತ್ತು. ಆ ಹೆಮ್ಮೆಯಲ್ಲೇ ಅವನು ಹೇಳಿದ:

"ನೀನು ಬೇಜಾರು ಮಾಡ್ಕೊಳ್ಳೋವಂಥದ್ದು ಅದರಲ್ಲಿ ಏನೂ ಇಲ್ಲ. ಯಾರನ್ನ ಬಿಡದಿದ್ರೂ ನಿನ್ನ ಬಿಟ್ಟಿದ್ದೀನಿ. ನಿನ್ನ ಬಗ್ಗೆ ನಾನು ಒಂದು ಅಕ್ಷರಾನೂ ಬರ್ದಿಲ್ಲ."

"ಹೂಂ," ಎಂದಳು ಅವಳು. "ಅದನ್ನೇ ಹುಡುಕ್ತಿದ್ದೆ."

ಹೊರಗೆ ಯಾರೋ ಮೆಟ್ಟಿಲು ಇಳಿದುಹೋದ ಸದ್ದಾಯಿತು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕಚೇರಿಯಲ್ಲಿ ಯಾರದೋ ಅರ್ಜಿಯಲ್ಲಿ ಏನೇನು ಬಿಟ್ಟುಹೋಗಿದೆ ಎಂದು ಹೇಳುವವಳ ಹಾಗೆ ಅವಳು ಹೇಳುತ್ತ ಹೋದಳು. ಮೆಟ್ಟಿಲ ಬೆಕ್ಕಿನ ಬಗ್ಗೆ ಮೂರು ಕಡೆ ಇದೆ. ಹಾಲಿನವನ ಸೈಕಲ್ಲಿನ ಬಗ್ಗೆ ಇದೆ. ಸ್ನಾನದ ಮನೆಯ ಹಸಿರು ಬಕೆಟ್ಟಿನ ಬಗ್ಗೆ, ಅದರ ಹಿಡಿ ಹೇಗೆ ಸೊಟ್ಟಗಾಗಿದೆ ಅನ್ನುವುದರ ಬಗ್ಗೆ, ಒಂದು ಪುಟವೇ ಇದೆ, ಚಿತ್ರ ಬೇರೆ.

"ಆ ಬಕೆಟ್ಟು ನಾನು ತಂದಿದ್ದು," ಎಂದಳು. "ಮಳೇಲಿ ನೆನ್ಕೊಂಡು ತಂದಿದ್ದೆ. ಬಕೆಟ್ಟಿದೆ, ನಾನಿಲ್ಲ."

ಅವಳು ಪುಟ ತಿರುವಿ, 'ನಾನು ಮುಗಿದುಹೋದೆ, ಇದು ಯಾರಿಗೂ ಗೊತ್ತಾಗಬಾರದು' ಎಂಬ ಸಾಲಿನ ಮೇಲೆ ಬೆರಳಿಟ್ಟಳು. ಪಕ್ಕದ ಕೋಣೆಯಲ್ಲೇ ಇದ್ದೆನಲ್ಲ, ಇಷ್ಟು ಸಂಕಟವನ್ನು ಒಂದು ಮಾತು ನನಗೆ ಹೇಳಬೇಕು ಅನ್ನಿಸಲಿಲ್ಲವೇ ಎಂದು ಕೇಳಿದಳು. ನಿಜವಾಗಿಯೂ ಅನ್ನಿಸಿರಲಿಲ್ಲ. ಅದನ್ನು ಹೇಳುವಷ್ಟು ದಡ್ಡ ಅವನಲ್ಲ.

ಡೈರಿ ಕೊಡು, ನಾಳೆ ಬೆಳಗ್ಗೆ ಅದು ಹೋಗದಿದ್ದರೆ ನನ್ನ ಬದುಕೇ ಹೋಯಿತು ಎಂದು ಅವನು ಬೇಡಿಕೊಂಡ. ಅವಳು ಇಲ್ಲವೆನ್ನಲಿಲ್ಲ. ಡೈರಿಯ ಕೊನೆಯಲ್ಲಿ ಉಳಿದಿದ್ದ ಒಂದು ಖಾಲಿ ಪುಟ ತೆರೆದು ಅವನ ಕಡೆ ತಿರುಗಿಸಿದಳು. ತಾನು ಎದ್ದು, ಕುರ್ಚಿಯನ್ನು ಅವನಿಗೆ ಬಿಟ್ಟು, ಎದುರಿಗೆ ಒಂದು ಸ್ಟೂಲು ಎಳೆದುಕೊಂಡು ಕೂತಳು.

"ನನ್ನ ಬಗ್ಗೆ ಒಂದು ಪುಟ ಬರೀರಿ. ಆಮೇಲೆ ಯಾರಿಗೆ ಬೇಕಾದ್ರೂ ಕೊಡಿ. ಹೊಗಳೋದೇನೂ ಬೇಡ. ಅವರನ್ನೆಲ್ಲ ಆಡ್ಕೊಂಡ ಹಾಗೆ ನನ್ನನ್ನೂ ಆಡ್ಕೊಳ್ಳಿ. ಆದ್ರೆ ನೋಡಿ ಬರೀರಿ."

ಇದೇನು ಮಹಾ ಎಂದುಕೊಂಡು ಚಿತ್ರಗಾರ ಪೆನ್ನು ತೆಗೆದ. 'ನನ್ನ ಹೆಂಡತಿ' ಎಂದು ಬರೆದ. ದಿನಾ ನೋಡುವ ಮುಖ, ಕಣ್ಣು ಮುಚ್ಚಿದರೂ ಬರೆಯಬಹುದು ಎಂದುಕೊಂಡು ಕಣ್ಣು ಮುಚ್ಚಿದ. ಒಳಗೆ ಗುಂಡುಸೂಜಿ ಕಂಡ. ಕಾರ್ಯದರ್ಶಿಯ ಕಿವಿ ಕಂಡಿತು, ಟೀಚರ ಮೂಗಿನ ತುದಿ ಕಂಡಿತು, ಪಾರಿವಾಳದ ಕೊಕ್ಕು ಕಂಡಿತು. ಹೆಂಡತಿಯ ಜಾಗದಲ್ಲಿ ಬಾಗಿಲ ಕಡೆ ಹೋಗುತ್ತಿರುವ ಒಂದು ಬೆನ್ನು, ಮುಚ್ಚಿಟ್ಟ ಒಂದು ಲೋಟ ಚಹಾ. ಅಷ್ಟೇ. ಪೆನ್ನು ಕಾಗದದ ಮೇಲೆ ಊರಿದಲ್ಲೇ ಒಂದು ನೀಲಿ ಚುಕ್ಕೆ ದೊಡ್ಡದಾಗುತ್ತ ಹೋಯಿತು.

ಅವಳು ಕೈಕಟ್ಟಿ ಕೂತಿದ್ದಳು. ಅವಸರ ಮಾಡಲಿಲ್ಲ. ಕಿಟಕಿಯ ಬೆಳಕು ಅವಳ ಒಂದು ಕೆನ್ನೆಯ ಮೇಲೆ ಬಿದ್ದಿತ್ತು. ಬೇರೆ ದಾರಿಯಿಲ್ಲದೆ ಅವನು ತಲೆ ಎತ್ತಿ ಅವಳನ್ನು ನೋಡಿದ. ಕಿವಿಯ ಹತ್ತಿರದ ಕೂದಲು ಬೆಳ್ಳಗಾಗಿತ್ತು. ತುಟಿಯ ಪಕ್ಕದಲ್ಲಿ ಒಂದು ಗೆರೆ ಇತ್ತು, ಅದು ಅವನು ಎಳೆದದ್ದಲ್ಲ ಎಂದು ಹೇಳುವ ಧೈರ್ಯ ಅವನಿಗಿರಲಿಲ್ಲ. ಇನ್ನೂ ಏನೋ ಒಂದು ಹೊಸದಾಗಿತ್ತು. ಏನೆಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಕೊನೆಗೆ ಸಿಕ್ಕಿತು. ಮುಳುಗುತ್ತಿರುವವನಿಗೆ ದಡ ಸಿಕ್ಕಷ್ಟು ಸಂತೋಷವಾಯಿತು.

"ಕನ್ನಡಕ," ಎಂದ. "ನೀನು ಕನ್ನಡಕ ಹಾಕ್ಕೊಳ್ಳೋಕೆ ಶುರುಮಾಡಿದ್ದೀಯ. ಯಾವಾಗಿಂದ?"

ಅವಳು ಕನ್ನಡಕ ತೆಗೆದು, ಬಟ್ಟೆಯ ತುದಿಯಿಂದ ನಿಧಾನವಾಗಿ ಒರೆಸಿ, ಮತ್ತೆ ಹಾಕಿಕೊಂಡಳು.

"ಮೂರು ವರ್ಷ ಆಯ್ತು," ಎಂದಳು. "ಬರ್ಕೊಳ್ಳಿ."